ಎರಡು ಮಿಲಿಮೀಟರ್

ಈ ಮರದ ಹೆಸರು ಉದಾರ.
ಆದರೆ ಕೊಡುವುದು ತನಗೆ ಬೇಕೆನಿಸಿದಾಗ.
ಹತ್ತಿ ಕೀಳುವಂತಿಲ್ಲ, ಕೋಲು ಬೀಸುವಂತಿಲ್ಲ,
ಬೀಳುವ ತನಕ ಕಾಯಬೇಕು; ಬಿದ್ದದ್ದು
ಮೊದಲು ಕಂಡವರದು.
ಎನ್ಸುಕ್ಕಾದಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ,
ಯಾರೂ ಮೀರಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಏಳು ವರ್ಷದವಳು ಹತ್ತಿದೆ. ಹಸಿಗಾಯಿ ಕಚ್ಚಿದೆ.
ಹಾಲಂಟು ತುಟಿಗೆ ತುಟಿ ಬೆಸೆದು
ಬೀಳುವಾಗ ಕೂಗಲೂ ಆಗಲಿಲ್ಲ.
ಕೆತ್ತಿದ ಮೊಣಕಾಲು ಕೀವಾಯಿತು.
ಅಜ್ಜಿ ಅದೇ ಮರದ ಬೀಜ ಅರೆದು ಮೆತ್ತಿದಳು,
ಉರಿಗೆ ಅತ್ತರೆ, "ಅಳು, ಅದಕ್ಕೂ ಕೇಳಲಿ" ಎಂದಳು.
ಯಾವುದಕ್ಕೆ? ಹುಣ್ಣಿಗೋ, ಮರಕ್ಕೋ?
ಕೇಳುವ ಬುದ್ಧಿ ಬರುವಷ್ಟರಲ್ಲಿ ಅವಳಿಲ್ಲ.
ಹುಣ್ಣಂತೂ ಮಾಯಿತು. ಮದ್ದಿಗೋ, ಏಳು ವರ್ಷದ ಚರ್ಮಕ್ಕೋ,
ಈ ಪ್ರಶ್ನೆಗೇ ಈಗ ನನಗೆ ಸಂಬಳ ಬರುತ್ತದೆ,
ಬಂದ ತಿಂಗಳು.

ಹರ್ಮಟಾನ್ ಬೀಸುತ್ತಿದೆ. ಮರಳುಗಾಡಿನ ಧೂಳು
ತುಟಿಯ ಸೀಳಿಗೂ ತಕ್ಕಡಿಯ ತಟ್ಟೆಗೂ ಭೇದವಿಲ್ಲದೆ ಕೂರುತ್ತದೆ.
ಓಗಿಗೆ ಸಂತೆಯಲ್ಲಿ ಮಾಮಾ ಓಜಿಯೋಮ
ಹಣ್ಣನ್ನು ನಾಲ್ಕು ನಾಲ್ಕಾಗಿ ಗುಡ್ಡೆ ಹಾಕಿದ್ದಳು.
"ಬೀಜ ಕೇಳುವವರನ್ನು ಇವತ್ತೇ ಕಂಡದ್ದು.
ಉಗಿದದ್ದಕ್ಕೆ ಬೆಲೆ ಹೇಗೆ ಕಟ್ಟಲಿ, ನೀನೇ ಹೇಳು."
ಕೊನೆಗೆ ಹಣ್ಣಿಗೇ ದುಡ್ಡು ಇಸಕೊಂಡು
ನೆರೆದ ಮಕ್ಕಳಿಗೆಲ್ಲ ತಿನ್ನಿಸಿ
ಹಾಲಿನಪುಡಿ ಡಬ್ಬಿಯಲ್ಲಿ ಉಗಿಸಿ, ಕುಲುಕಿ ಕೊಟ್ಟಳು.
ಕೋಸಿಸೋ ಎಂಬವನು ಐದು ಬೀಜ ಮುಷ್ಟಿಯಲ್ಲೇ ಉಳಿಸಿಕೊಂಡ.
ಆಟಕ್ಕಂತೆ. ಸುಮ್ಮನಿದ್ದೆ.

ನೆರಳಲ್ಲಿ ಹದಿನಾಲ್ಕು ದಿನ.
ಮೇಲೆ ಜೀರುಂಡೆಯ ಬೆನ್ನಿನ ಹೊಳಪು,
ಒಡೆದರೆ ಬಿಳಿ, ಬಾಯಿಗಿಟ್ಟರೆ ಕಹಿ
(ಏನನ್ನೂ ಬಾಯಿಗಿಡಬೇಡಿ ಎಂದು
ಹುಡುಗರಿಗೆ ಪಾಠ ಹೇಳುವವಳೇ ನಾನು).
ಕುಟ್ಟಿ, ಎಥನಾಲಿನಲ್ಲಿ ಮೂರು ರಾತ್ರಿ ನೆನೆಸಿ,
ಸೋಸಿ, ಬತ್ತಿಸಿ, ತಳದಲ್ಲಿ ಉಳಿದದ್ದು
ಸುಟ್ಟ ಬೆಲ್ಲದ ಬಣ್ಣದ ಅಂಟು, ಹನ್ನೊಂದು ಗ್ರಾಂ.

ಅಗಾರಿನ ತಟ್ಟೆಯ ತುಂಬ ಕಣ್ಣಿಗೆ ಕಾಣದ ಪೈರು ಬಿತ್ತಿ
ನಡುವೆ ಮೂರು ಪುಟ್ಟ ಬಾವಿ ತೋಡಿದೆವು.
ಒಂದಕ್ಕೆ ಬೀಜದ ಸಾರ, ಒಂದಕ್ಕೆ ಅಂಗಡಿಯ ಔಷಧಿ,
ಇನ್ನೊಂದಕ್ಕೆ ಬರೀ ದ್ರಾವಕ, ಸಾಕ್ಷಿಗೆ.
ನಡುರಾತ್ರಿ ಕರೆಂಟು ಹೋಯಿತು. ಒಕ್ಪರಾ
ತನ್ನ ಬೈಕಿನ ಪೆಟ್ರೋಲನ್ನು ಬಾಯಲ್ಲೇ ಹೀರಿ ತಂದು
ಜನರೇಟರಿಗೆ ಸುರಿದ, ಸರ್ಕಾರಕ್ಕೆ ಉಗಿದ.

ಬೆಳಿಗ್ಗೆ ಕಿಟಕಿಗೆ ಹಿಡಿದೆ.
ಅಂಗಡಿಯ ಔಷಧಿಯ ಸುತ್ತ ಹುಣ್ಣಿಮೆ: ಇಪ್ಪತ್ತಾರು ಮಿಲಿಮೀಟರ್.
ಬೀಜದ ಸುತ್ತ ಒಂಬತ್ತು.
ಅಜ್ಜೀ, ಒಂಬತ್ತು! ಎಂದು ಕೂಗಿದ್ದೆನೇನೋ,
ಒಕ್ಪರಾ ಮೂರನೆಯ ಬಾವಿಗೆ ಸ್ಕೇಲು ಇಟ್ಟ.
ಬರೀ ದ್ರಾವಕದ ಸುತ್ತ
ಏಳು.

ಎರಡು ಉಳಿಯಿತು.
ಅಜ್ಜಿಯ ಬೆರಳು, ಅರೆಯುವ ಕಲ್ಲು, ಆ ಉರಿ, ಆ ಮಾತು,
ಎಲ್ಲವೂ ಎರಡು ಮಿಲಿಮೀಟರಿನಲ್ಲಿ ಸರಿದು ಕೂರಬೇಕು.
"ಎರಡೆಂದರೆ ಸೊನ್ನೆಯಲ್ಲ," ಅಂದ ಒಕ್ಪರಾ,
ಸ್ವಲ್ಪ ಹೊತ್ತು ಬಿಟ್ಟು, "ಸ್ಕೇಲೂ ಹಳೆಯದು."

ವಿಭಾಗದ ಮುಖ್ಯಸ್ಥರು ಸಮಾಧಾನಿ.
"ಆಶಾದಾಯಕ ಎಂದು ಬರೆಯಮ್ಮ,
ಅನುದಾನ ಕೊಡುವವರಿಗೆ ಆ ಪದ ಇಷ್ಟ."
ಪೆನ್ನು ಹಿಡಿದೆ.
ತುಟಿಗೆ ಅಂಟು ಹತ್ತಿದಂತಾಯಿತು, ಹಸಿಗಾಯಿಯದ್ದು.
"ಮರುಪರೀಕ್ಷೆ ಅಗತ್ಯ" ಎಂದಷ್ಟೇ ಬರೆದೆ.

ಹಣ್ಣಿನ ಕಾಲ ಮುಗಿಯುತ್ತ ಬಂದಿದೆ.
ಮಾಮಾ ಓಜಿಯೋಮಳ ಜಾಗದಲ್ಲಿ ಈಗ ಮಾವು.
ಸಂತೆಯ ಹಿಂದಿನ ಮರದಡಿ ಕೋಸಿಸೋ ಒಬ್ಬನೇ
ಬೀಜ ಮೇಲಕ್ಕೆಸೆದು ಅಂಗೈ ಹಿಂದೆ ಹಿಡಿಯುತ್ತಿದ್ದ.
ಕೇಳಿದೆ. ಸುಮ್ಮನೆ ಕೊಡುವುದಿಲ್ಲವಂತೆ,
ಗೆದ್ದರೆ ತಗೋ.

ಬಿಳಿ ಕೋಟಿನಲ್ಲೇ ಧೂಳಲ್ಲಿ ಕೂತೆ.
ಐದು ಎಸೆದೆ, ಮೂರು ನಿಂತವು.
ಎರಡು ಬೆರಳ ಸಂದಿಯಲ್ಲಿ ಜಾರಿದವು.
ಮೇಲೆ ಎಲೆಗಳ ತಾಮ್ರದ ಹೊಟ್ಟೆ ಹೊರಳಿತು, ಏನೂ ಬೀಳಲಿಲ್ಲ.

"ಸೋತೆ," ಅಂದ.
"ಇನ್ನೊಂದು ಸಲ," ಅಂದೆ.