ಅಂಗೈ

ಟೆಮಾ ಬಂದರಿನಲ್ಲಿ ಹರ್ಮಾಟನ್ ಗಾಳಿಯ ತಿಂಗಳು.
ಕಿಟಕಿ ಎಷ್ಟು ಬಿಗಿದರೂ ಸಹಾರಾದ ಧೂಳು
ಎಣ್ಣೆಯ ಬಟ್ಟಲಲ್ಲಿ ಕೆನೆಗಟ್ಟುತ್ತದೆ.
ಬೆಳಗಿನಿಂದ ಇದು ಹನ್ನೊಂದನೆಯ ಹೆಗಲು.

ಒಡಾಮ್ಟೆ. ಐವತ್ತೊಂದು. ಕೋಕೋ ಮೂಟೆ ಹೊರುವವರು.
ಮೂಟೆಗೆ ಅರವತ್ನಾಲ್ಕು ಕಿಲೋ;
ಇಪ್ಪತ್ತೆಂಟು ವರ್ಷಕ್ಕೆ ಎಷ್ಟಾಯಿತೆಂದು
ಗುಣಿಸಿ ನೋಡಿದ್ದರಂತೆ, ನಿದ್ದೆ ಬಾರದ ಒಂದು ರಾತ್ರಿ.
ಉತ್ತರ ಹೇಳಲಿಲ್ಲ. ನಕ್ಕರು. ನಗುವಾಗಲೂ
ಎಡಗೈ ಬಲಗೈಯನ್ನು ಕೂಸಿನಂತೆ ಎತ್ತಿಕೊಂಡಿತ್ತು.

ಮೇಜಿನ ಮೇಲೆ ಕಂಪನಿಯ ಫಾರಂ.
ಅದರಲ್ಲೊಂದು ಚೌಕ, ಬೆಂಕಿಪೊಟ್ಟಣದಷ್ಟು:
ಕೈ ಎಷ್ಟು ಡಿಗ್ರಿ ಏಳುತ್ತದೆ?
ನೂರೈವತ್ತಾದರೆ ಸೋಮವಾರದಿಂದ ಕೆಲಸ.
ಆಗದಿದ್ದರೆ,
ಅದಕ್ಕೆ ಚೌಕವಿಲ್ಲ.

ಪಕ್ಕದಲ್ಲಿ ಮೆಕ್ಕೆಜೋಳದ ಸಿಪ್ಪೆ ಸುತ್ತಿದ ಕೆಂಕೆ, ಎರಡುಂಡೆ,
ಹುರಿದ ಮೀನು, ಮೆಣಸಿನ ಚಟ್ನಿ.
"ಹೆಂಡತಿ ಕಳಿಸಿದ್ದಾಳೆ."
ಊಟವೋ ಇನ್ನೊಂದೋ,
ಬಿಸಿಯಾಗಿರುವಾಗ ತಿಳಿಯುವುದಿಲ್ಲ.

"ಬರೆದುಬಿಡು ತಾಯಿ. ನೋವು ನನ್ನದು, ಹೆಗಲು ನನ್ನದು.
ಮಗಳ ನರ್ಸಿಂಗ್ ಫೀಸಿಗೆ ಹದಿನೇಳು ದಿನ ಇದೆ."
ನಿಜ. ಹೆಗಲು ಅವರದು.
ಜಾರಿದ ಮೂಟೆಯ ಕೆಳಗಿನ ತಲೆ ಮಾತ್ರ ಬೇರೆಯವರದು.

ಬೆಳಿಗ್ಗೆ ಕ್ವಾರ್ಶಿ ಸಾಹೇಬರು ಬಾಗಿಲಲ್ಲಿ ನಿಂತು,
ಒಳಗೆ ಬಾರದೆ, ಹೇಳಿ ಹೋಗಿದ್ದರು:
"ನಮ್ಮ ಅರ್ಧ ಬಿಲ್ಲು ಬಂದರಿನದು, ಜಿಫಾ.
ಸ್ವಲ್ಪ ಪ್ರಾಕ್ಟಿಕಲ್ ಆಗಿರು."
ಅವರ ಬಾಗಿಲಲ್ಲೂ ಯಾರೋ ನಿಂತು ಹೋಗಿರುತ್ತಾರೆ.
ಮೂಲೆಯಲ್ಲಿ ಹೊಸ ಹುಡುಗ ಎಲಿಕೆಮ್, ಕಲಿಯಲು ಬಂದವನು,
ಟವೆಲ್ ಮಡಿಸುತ್ತಾ ನನ್ನ ಕೈಯನ್ನೇ ನೋಡುತ್ತಿದ್ದಾನೆ.

ಹೊರಗಿನವರಿಗೆ ಇದು ಸುಲಭಕ್ಕೆ ಅರ್ಥವಾಗದು:
ಇಲ್ಲಿ ಸುಳ್ಳು ಬರೆಯಬೇಕಾಗಿಯೇ ಇಲ್ಲ.
ಬೆನ್ನ ಮೇಲಿನ ಆ ತ್ರಿಕೋನದ ಹಲಗೆ, ಹೆಗಲೆಲುಬು,
ಅಂಗೈಯಿಂದ ಅದನ್ನು ಒತ್ತಿ ಹಿಡಿದರೆ
ತೋಳಿನ ನಿಜವಷ್ಟೇ ಏಳುತ್ತದೆ.
ಅಂಗೈ ತೆಗೆದರೆ
ಬೆನ್ನು ವಾಲುತ್ತದೆ, ಪಕ್ಕೆಲುಬು ಹೆಗಲು ಕೊಡುತ್ತದೆ,
ಇಡೀ ಮೈ ಒಂದು ಕೈಗಾಗಿ ಸಾಲ ಮಾಡುತ್ತದೆ,
ಕೈ ಏರುತ್ತದೆ: ನೂರೈವತ್ತು, ನೂರೈವತ್ತೆರಡು.
ಅಳತೆಗೋಲು ಸುಳ್ಳಾಡುವುದಿಲ್ಲ. ನಾನೂ ಆಡುವುದಿಲ್ಲ.
ಒಂದು ಅಂಗೈ ತನ್ನ ಜಾಗದಲ್ಲಿರುವುದಿಲ್ಲ, ಅಷ್ಟೆ.

ಒಮ್ಮೆ ತೆಗೆದಿದ್ದೇನೆ.
ಎರಡು ವರ್ಷದ ಹಿಂದೆ; ಕ್ರೇನಿನ ಹುಡುಗ, ಹೆಸರು ಬೇಡ.
ಕರುಣೆ ಉಕ್ಕಿತು ಎಂದರೆ ಕೇಳಲು ಚೆನ್ನ.
ಉಕ್ಕಿರಲಿಲ್ಲ. ಸಂಜೆ ಐದೂಮುಕ್ಕಾಲು,
ಹೊರಗೆ ಆರು ಜನ ಬಾಕಿ,
ನನ್ನ ಮನೆಬಾಡಿಗೆ ಎರಡು ತಿಂಗಳು ಬಾಕಿ,
ಕರೆಂಟು ಹೋಗಿ ಫ್ಯಾನು ನಿಂತಿತ್ತು.
ಕಾಲೇಜಿನಲ್ಲಿ ನೀತಿಯ ಪೇಪರಿಗೆ ನನಗೆ ಇಪ್ಪತ್ತಕ್ಕೆ ಹದಿನೆಂಟು.
ಆ ಪ್ರಶ್ನೆಗಳಲ್ಲಿ ಎಲ್ಲೂ ಫ್ಯಾನು ನಿಂತಿರಲಿಲ್ಲ.
ಹುಡುಗನಿಗೆ ಆಮೇಲೆ ಏನೂ ಆಗಲಿಲ್ಲ.
ಕಾಡುವುದು ಅದೇ.

ಎವೆ ನುಡಿಯಲ್ಲಿ ನನ್ನ ಹೆಸರಿಗೆ
ಮನಸ್ಸು ತಣ್ಣಗಿದೆ ಎಂದರ್ಥ.
ಅಜ್ಜಿ ಇಟ್ಟದ್ದು. ಅಜ್ಜಿ ಫಾರಂ ತುಂಬಿದವಳಲ್ಲ.

"ಎತ್ತಿ," ಎಂದೆ.
ಅಂಗೈ ಇಟ್ಟೆ. ಒತ್ತಿದೆ.
ಚರ್ಮದ ಕೆಳಗೆ ಆ ಹಲಗೆ
ಮುಚ್ಚಿದ ಬಾಗಿಲನ್ನು ಒಳಗಿನಿಂದ ತಳ್ಳುವವನಂತೆ ತಳ್ಳಿತು.
ಅವರಿಗೆ ಗೊತ್ತಾಯಿತು.
ಅಷ್ಟು ವರ್ಷ ಭಾರ ಕಂಡ ಬೆನ್ನಿಗೆ
ಒಂದು ಅಂಗೈ ಗೊತ್ತಾಗದೆ?
ನೂರಹದಿನೆಂಟು.

ಬರೆದೆ. ಕೆಳಗೆ, ಚೌಕವಿಲ್ಲದ ಅಂಚಿನಲ್ಲಿ,
ಚಿಕ್ಕಕ್ಷರದಲ್ಲಿ ಇನ್ನಷ್ಟು ಬರೆದೆ:
ಶೆಡ್ಡಿನಲ್ಲಿ ಮೂಟೆ ಎಣಿಸುವ ಕೆಲಸ ಕೊಡಿ,
ಈ ಮನುಷ್ಯನಿಗೆ ಗುಣಾಕಾರ ಬರುತ್ತದೆ.
ಯಾರು ಓದುತ್ತಾರೋ.

ಅಂಗಿಯ ಗುಂಡಿ ಹಾಕಿಕೊಂಡರು, ಎಡಗೈಯಲ್ಲೇ, ನಿಧಾನ.
ನೆರವಿಗೆ ಹೋದೆ. ಬೇಡ ಎಂದರು.
ಕೆಂಕೆಯ ಕಡೆ ಒಮ್ಮೆ ನೋಡಿದರು;
ತೆಗೆದುಕೊಂಡು ಹೋಗಲಿಲ್ಲ.

ಎಲಿಕೆಮ್ ಟವೆಲ್ ಹಾಸಿದ. ಏನೂ ಕೇಳಲಿಲ್ಲ.
ಹನ್ನೆರಡನೆಯ ಹೆಗಲು ಬಾಗಿಲಲ್ಲಿ ನಿಂತಿತ್ತು.
ಸಿಪ್ಪೆಯೊಳಗೆ ಉಂಡೆ
ಇನ್ನೂ ಬಿಸಿ.