ಬೋರ್ಡಿನ ಮ್ಯಾಲಿನ ತತ್ತಿ

ಎಸ್ಪೆರಾನ್ಸಾ ಬಾಯಿ ನನಗೊಂದು ಮಾತು ಕೇಳದಽ
ಗೇಟಿನ ಬೋರ್ಡಿನ ಮ್ಯಾಲ ಖಡು ಹಿಡದು ಬರದಾಳ:
ಮೆಕ್ಸಿಕನ್ ತತ್ತಿ, ಓವನ್‌ನಾಗ ಬೇಯಿಸಿದ್ದು,
ಮುನ್ನೂರಾ ಎಂಬತ್ತು ರೂಪಾಯಿ.
ಅಷ್ಟು ರೊಕ್ಕಕ್ಕ ರೋಣದ ಸಂತ್ಯಾಗ ಕೋಳೀನಽ ಬರತೈತಿ,
ಕಾಲು ಕಟ್ಟಿ ಕೊಡತಾರ.

ಬಾಯಿ ಅದನ್ನ ಒಮ್ಮೆ ತಿಂದಾಳ, ಲಿಸ್ಬನ್‌ನಾಗ,
ಮಗಳ ಬಾಣಂತನಕ್ಕ ಹೋದಾಗ.
ಹ್ಯಾಂಗಿತ್ರಿ ಬಾಯಿ, ಅಂದೆ.
ಕೆಂಪಗಿತ್ತು ಫಕೀರವ್ವಾ, ಬಿಸಿ ಇತ್ತು,
ಅವತ್ತ ನನಗ ಭಾಳ ಹಸಿವಾಗಿತ್ತು, ಅಂದ್ಳು.
ಇಷ್ಟಽ ರೆಸಿಪಿ.

ಸಾಲಿಗಾಂವ್‌ನಾಗ ಪಾವು ಮಾರಾವನ ಸೈಕಲ್
ಪೊಂ ಪೊಂ ಅಂತ ಇಗರ್ಜಿ ತಿರುವು ದಾಟೋ ಹೊತ್ತಿಗೆ
ಎರಡನೇ ಖೋಲಿ ಗಂಡ ಹೆಂಡ್ತಿ,
ಪುಣೆಯ ಗದ್ರೆ ಸಾಹೇಬ, ಆತನ ಮನಿಯಾಕಿ,
ಬೋರ್ಡಿಗೆ ಬಟ್ಟು ಮಾಡಿದ್ರು.

ಫ್ರಿಜ್ಜಿನಾಗಿನ ಗೊಂಜಾಳ ರೊಟ್ಟಿ ಪಾಕೀಟು
ಬಿಚ್ಚಿದ್ರ ಹಸರು ಬೂಸ್ಟು.
ಮಾಪ್ಸಾಕ್ಕ ಹೋಗಿ ಬರಾಕ ಒಂದು ತಾಸು.
ಬಾಯಿ ಪ್ರಾರ್ಥನಾಕ್ಕ ಹೋಗಿದ್ಳು.

ನನ್ನ ಟ್ರಂಕಿನ ಮ್ಯಾಲ ತಗಡಿನ ಡಬ್ಬಿ.
ತಂಗಿ ನಿಂಗವ್ವ ಬಸ್ಸಿನ ಡ್ರೈವರನ ಕೈಲೆ ಕಳಿಸಿದ
ಖಡಕ್ ರೊಟ್ಟಿ, ಎಳ್ಳು ಹಚ್ಚಿದ್ದು,
ಕಿವಿ ಬಾಜೂಕ ಮುರಿದ್ರ ಲಟಕ್ ಅಂತಾವ.
ಮುರೀಲಿಲ್ಲ. ಎಣ್ಣಿ ಸವರಿದ ತಾಟಿನ ತಳಕ್ಕ
ಇಡೀವನ್ನಽ ಹಾಸಿದೆ.

ಟಮಾಟಿ ಸುಟ್ಟೆ, ಬಳ್ಳೊಳ್ಳಿ ಸುಟ್ಟೆ,
ನೆನಸಿದ ಒಣಮೆಣಸಿನಕಾಯಿ ಕಲ್ಲಿಗೆ ಹಾಕಿದೆ.
ಮಿಕ್ಸರ್ ಇತ್ತು, ಇಲ್ಲಂತಲ್ಲ.
ಆದ್ರ ದಿಕ್ಕು ತಿಳೀದಾಗ ನನಗ
ಕೈಯಾಗ ಒಂದೀಟು ಭಾರ ಬೇಕು.
ರಾತ್ರಿ ಉಳಿದ ರಾಜ್ಮಾ ಹಿಚುಕಿ ರೊಟ್ಟಿಗೆ ಮೆತ್ತಿದೆ,
ಗ್ವಾಡಿಗೆ ಸಗಣಿ ಸಾರಿಸಿದಂಗ
(ತಿನ್ನೋದಕ್ಕ ಹಂಗ ಅನಬಾರದು, ಆದ್ರ ಹಂಗಽ).
ಅದರ ಮ್ಯಾಲ ಕೆಂಪು ರಸ. ಸೌಟಿನ ಬೆನ್ನಿಲೆ
ಐದು ತಗ್ಗು, ತಗ್ಗಿಗೊಂದು ತತ್ತಿ.

ಓವನ್ ಮುಂದ ಕುಂತೆ.
ಟೈಮಿನ ಚಾವಿ ಮುರಿದು ವರ್ಷಾತು,
ಎಲ್ಲಾ ಕಣ್ಣಳತಿ.
ಬಿಳೀದು ಅಂಚು ಹಿಡಿಯಾಕ ಹತ್ತಿತ್ತು,
ಅಷ್ಟರಾಗ ಕರೆಂಟ್ ಹೋತು.

ಒಳಗಿನ ದೀಪ ಆರಿ
ಗಾಜಿನಾಗ ನನ್ನ ಮಾರಿ ಬಂತು.
ತೆಗೀಲೋ, ಬಿಡಲೋ?
ತೆಗೆದ್ರ ಕಾವು ಹಾರತೈತಿ,
ಬಿಟ್ಟರ ಏನಾತು ಅನ್ನೋದು ತಿಳಿಯೂದಿಲ್ಲ.
ನಮ್ಮವ್ವ ಕೋಳಿ ಕಾವಿಗೆ ಕೂಡಿಸಿದಾಗ
ಪುಟ್ಟಿ ಎತ್ತಿ ಎತ್ತಿ ಹಣಿಕಿ ಹಾಕಿ
ಬೈಸಿಕೊಂಡಾಕಿ ನಾನು.
ಕೈ ಎರಡೂ ಸೆರಗಿನಾಗ ಸುತ್ತಿಕೊಂಡೆ.

ಹೊರಗ ಸಾಹೇಬ ತಾಟಿಗೆ ಚಮಚ ಬಡದ.
ಮನಸಿನಾಗ ನೂರರ ತನಕ ಎಣಿಸಿದೆ,
ಅರವತ್ತಕ್ಕ ತಪ್ಪಿ
ಮತ್ತ ಒಂದರಿಂದ.

ತೆಗೆದ್ರ, ಬಿಳೀದು ಗಟ್ಟಿ,
ಹಳದಿ ಇನ್ನೂ ನಡಗತಿತ್ತು.
ಮೂಲ್ಯಾಗಿಂದೊಂದು ಕಲ್ಲಾಗಿತ್ತು,
ಅದು ನನಗ.

ಸಾಹೇಬ ಫೋನಿನಾಗಿನ ಫೋಟೋ ತಗದು
ತಾಟಿನ ಬಾಜೂಕ ಹಿಡಿದು ನೋಡಿದ,
ಪಾಸ್‌ಪೋರ್ಟ್ ನೋಡಿದಂಗ.
ಇದು ಅಸಲಿ ಅಲ್ಲ, ಅಂದ.
ಅಸಲೀದು ತಿಂದೀರೇನ್ರಿ? ನಾ ಕೇಳಲಿಲ್ಲ.
ಮಾಡಿದಾಕಿ ತಿಂದಿಲ್ಲ, ತಿನ್ನಾವ ತಿಂದಿಲ್ಲ,
ಬರೆದಾಕಿಗೆ ಬರೇ ಹಸಿವು ನೆನಪೈತಿ.

ಆತನ ಮನಿಯಾಕಿ ಏನೂ ಅನಲಿಲ್ಲ.
ರೊಟ್ಟಿ ಅಂಚು ಮುರಿದ್ಳು, ಹಳದಿ ಒಡೀತು.
ರಸ ಕುಡಿದ ರೊಟ್ಟಿ, ನಡುವ ಮೆತ್ತಗ,
ಅಂಚಿಗೆ ಇನ್ನೂ ಲಟಕ್.
ಆಕಿ ಬೆರಳು ನೆಕ್ಕಿದ್ದು
ಬಾಗಿಲ ಸಂದ್ಯಾಗಿಂದ ನೋಡಿದೆ.
ಆಮ್ಯಾಲ ಗಂಡನ ಪಾಲೂ ತನ್ನ ಕಡೆ ಎಳಕೊಂಡ್ಳು.

ಕಲ್ಲಾದ ತತ್ತಿ ನಾ ನಿಂತಽ ತಿಂದೆ,
ಉಪ್ಪು ಹಚ್ಚಿಕೊಂಡು.
ಆವಾಗ ಬಂತು ಕರೆಂಟ್.

ಸುದ್ದಿ ಕೇಳಿ ಬಾಯಿ
ಬೋರ್ಡಿನ ಮ್ಯಾಲ ಇಪ್ಪತ್ತು ರೂಪಾಯಿ ಏರಿಸಿದ್ಳು.

ಈಗ ಡಬ್ಬ್ಯಾಗ ಆರು ರೊಟ್ಟಿ ಉಳದಾವ.
ಐತವಾರ ನಿಂಗವ್ವ ಫೋನ್ ಹಚ್ಚತಾಳ:
ಯಕ್ಕಾ, ನಲವತ್ತು ರೊಟ್ಟಿ
ಹದಿನೈದು ದಿನದಾಗ ಯಾರಿಗೆ ಹಾಕಿದಿ?
ಮೆಕ್ಸಿಕೋಕ್ಕ ಹೋದವು ಅಂದ್ರ
ಆ ಊರಿಗೆ ಬಸ್ಸು ಎಷ್ಟೊತ್ತಿಗೈತಿ, ಅಂತಾಳ,
ಇನ್ನೊಂದು ಡಬ್ಬಿ ಕಟ್ಟಾಕಿ.