ಷರಾ

ಮೂವತ್ತೊಂದು ವರ್ಷ ಬೆಳಗಾವಿ ಕ್ಯಾಂಪಿನ
ರೇಷನ್ ಗೋದಾಮಿನ್ಯಾಗ ಸಕ್ಕರಿ ಬರದೆ ನಾ, ಕಿಲೋ ಲೆಕ್ಕದಾಗ.
ಹಿಂದಿನ ಶಿಲ್ಕು, ಬಂದದ್ದು, ಕೊಟ್ಟದ್ದು, ಉಳದದ್ದು,
ಕಡೀ ಕಾಲಮ್ಮು ಷರಾ.
ಈಗ ವಡಗಾವಿ ಮನ್ಯಾಗ ಅದೇ ನಮೂನಿ ಗೆರಿ ಹೊಡದು
ಮಿಲಿಗ್ರಾಮಿನಾಗ ಬರೀತೀನಿ.
ಬೆರಳಿಗೊಂದು ಚುಚ್ಚು, ಪಟ್ಟಿಗೊಂದು ಹನಿ,
ಮಷೀನು ಐದು ಎಣಿಸಿ ಬಾಯಿ ಬಿಡತೈತಿ.

ಸೋಮವಾರ ನೂರಾ ಮೂವತ್ತೊಂದು.
ಅವತ್ತ ಹನ್ನೊಂದಕ್ಕ ದವಾಖಾನ್ಯಾಗ
ಜಸಿಂತಾ ಸಿಸ್ಟರ್ ಎಡಗೈಗೆ ಫ್ಲೂದ ಲಸಿಕಿ ಹಾಕಿದ್ಲು.
"ಚೌಗುಲಾರ, ಎರಡು ದಿನ ಮೈಕೈ ನೋಯಬಹುದು,
ನೀರು ಕುಡೀರಿ" ಅಂದ್ಲು.
ಸಕ್ಕರಿ ಮಾತು ಅವಳೂ ತೆಗೀಲಿಲ್ಲ, ನಾನೂ ಕೇಳಲಿಲ್ಲ.

ಮಂಗಳವಾರ ನೂರಾ ತೊಂಬತ್ತೆಂಟು.
ಬುಧವಾರ ಎರಡನೂರಾ ಇಪ್ಪತ್ತಾರು.

ಅಕ್ಕಾತಾಯಿ ಚಷ್ಮಾ ಏರಿಸಿ ವಹಿ ನೋಡಿದ್ಲು,
ಆಮ್ಯಾಲ ನನ್ನ ನೋಡಿದ್ಲು.
"ಶಹಾಪುರಕ್ಕ ಹೋಗಿದ್ರಿ."
ಪ್ರಶ್ನಿ ಅಲ್ಲ ಅದು, ಆಡಿಟ್.
"ಕುಂದಾ ಎಷ್ಟು ತಿಂದ್ರಿ? ಪಾವ್ ಕಿಲೋ?"
ಅಂಗಿ ಕಿಸೆ ತಿರುವಿದ್ಲು, ಮೂಸಿದ್ಲು.
ಸಿಕ್ಕದ್ದು ಹೋದ ತಿಂಗಳ ಬಸ್ಸಿನ ಟಿಕೀಟು.
ದೇವರಾಣಿ, ನಾ ತಿಂದದ್ದು ಜ್ವಾಳದ ರೊಟ್ಟಿ, ಪುಂಡಿಪಲ್ಯ,
ಅರ್ಧ ಉಳ್ಳಾಗಡ್ಡಿ.

ಒಂದು ಮಾತು ಇಲ್ಲಿ ಒಪ್ಪಿಕೋಬೇಕು.
ಹಿರೇಮಗಳು ಹುಟ್ಟಿದ ವರ್ಷ ಗೋದಾಮಿನಿಂದ
ಎರಡು ಕಿಲೋ ಸಕ್ಕರಿ
ಟಿಫಿನ್ ಡಬ್ಬ್ಯಾಗ ಕುಂತು ಮನಿಗೆ ಬಂದಿತ್ತು.
ಷರಾದಾಗ ಬರದೆ: ಇಲಿ ತಿಂದದ್ದು.
ಎಲ್ಲಾರೂ ನಂಬಿದ್ರು. ಸಹಿ ಬಿತ್ತು, ಶಿಕ್ಕಾ ಬಿತ್ತು.
ಇವತ್ತ ಒಂದು ಹರಳೂ ಮುಟ್ಟದಾಂವನ್ನ
ನಂಬಾವ್ರು ಯಾರೂ ಇಲ್ಲ.

ರಾತ್ರಿ ಮೈ ಬೆಚ್ಚಗ, ತೋಳು ಕಲ್ಲಿನಂಗ.
ನಿದ್ದಿ ಬರದ ಹೊತ್ತಿನ್ಯಾಗ ಗುಡ್ಡದ ಕಡಿಂದ ಢಬ್ ಢಬ್,
ಪಲ್ಟಣದವರ ಕವಾಯತು.
ಸುಳ್ಳು ಗುಂಡು, ಸುಳ್ಳು ವೈರಿ.
ಅಂಥಾ ಒಂದು ರಾತ್ರಿ ನಾನೇ ತಕ್ಕಡಿ ಹಿಡದು
ನಲವತ್ತು ಕಿಲೋ ಹೆಚ್ಚಿಗಿ ತೂಗಿ ಕೊಟ್ಟಿದ್ದೆ.
ಚಹಾದ ಹಂಡೆ ಬೆಳಗಾಗೂತನಕ ಒಲಿ ಇಳೀಲಿಲ್ಲ.
ಪುಣೆಯಿಂದ ಬಂದ ಆಡಿಟರ್ ಕೇಳಿದ,
"ಯುದ್ಧನ ಆಗಿಲ್ಲ. ಸಕ್ಕರಿ ಯಾರು ತಿಂದ್ರು?"
"ಸಾಹೇಬ್ರ, ವೈರಿ ಸುಳ್ಳು. ಹಸಿವು ಖರೇ."

ಮುಂಜಾನೆದ್ದು ಸಿಸ್ಟರಿಗೆ ಫೋನ್ ಹಚ್ಚಿದೆ,
ಅಕ್ಕಾತಾಯಿಗೂ ಕೇಳಲಿ ಅಂತ ಸ್ಪೀಕರ್ ಒತ್ತಿದೆ.
"ಹೌದ್ರಿ, ಕೆಲವರಿಗೆ ಹಂಗಾಗತೈತಿ.
ಲಸಿಕಿ ಬಿದ್ದ ಕೂಡಲೆ ಮೈಗೆ ವೈರಿ ಬಂದಂಗ ಅನಸತೈತಿ.
ಲಿವರು ಕೂಡಿಟ್ಟ ಸಕ್ಕರಿ ರಕ್ತಕ್ಕ ಬಿಡತೈತಿ,
ಇನ್ಸುಲಿನ್ ಮಾತು ನಾಕು ದಿನ ಅಷ್ಟಾಗಿ ನಡಿಯೂದಿಲ್ಲ.
ತಾನ ಇಳೀತೈತಿ. ದಿನಕ್ಕ ನಾಕು ಸಲ ನೋಡ್ರಿ,
ನಿಮ್ಮ ಮನಸಿಗೆ ಬಂದಂಗ ಡೋಸ್ ಏರಸಬ್ಯಾಡ್ರಿ,
ಇಳೀಲಿಲ್ಲಂದ್ರ ಡಾಕ್ಟರ್ ಹತ್ರ ಬರ್ರಿ."

ಅಂದ್ರ ನನ್ನ ಪಕ್ಕಡಿ ಕೆಳಗೂ ಒಬ್ಬ ಗೋದಾಮಿನಾಂವ ಕುಂತಾನ,
ನನಗಿಂತ ಹಳಬ.
ನಡುರಾತ್ರಿ ಬಿಗಿಲು ಕೇಳಿದ್ರ ಸಾಕು,
ವೈರಿ ಖರೇನೋ ಸುಳ್ಳೋ ಕೇಳದ
ಬಾಗಲಾ ತೆರದು ಚೀಲ ಸುರುವಾಂವ.
ಪಾಪ, ಷರಾ ಬರಿಯೂದು ಕಲತಿಲ್ಲ.

ಅಕ್ಕಾತಾಯಿ ಸೌಟು ಹಿಡದು ನಿಂತು ಎಲ್ಲಾ ಕೇಳಿದ್ಲು.
ಹೂಂ ಅನಲಿಲ್ಲ, ಉಹೂಂ ಅನಲಿಲ್ಲ.
ಒಲಿ ಮ್ಯಾಲಿನ ಸಾರು ಕುದಿಯಾಕತ್ತಿತ್ತು.

ಗುರುವಾರ ನೂರಾ ಎಪ್ಪತ್ತನಾಕು.
ಶುಕ್ರವಾರ ನೂರಾ ಮೂವತ್ತೊಂಬತ್ತು.
ಬರಿಯಾಕಂತ ವಹಿ ತೆರದ್ರ
ಬುಧವಾರದ ಸಾಲಿನ ಕಡೀ ಕಾಲಮ್ಮಿನ್ಯಾಗ
ಮೂರನೇತ್ತೆ ಕಲತ ಸೊಟ್ಟ ಅಕ್ಷರ:

ಇಲಿ ಅಲ್ಲ.

ಪೆನ್ನು ಹಿಡದು ಕುಂತೆ ಹಂಗ.
ಇಲಿ ಸುದ್ದಿ
ಇವಳಿಗೆ ಯಾವತ್ತ ಹೇಳಿದ್ನೆಪಾ ನಾ?